ಉತ್ತಮಪುರುಷದ ಆಟ

ಬಿಡದಿಯಿಂದ ಬೈರಮಂಗಲಕ್ಕೆ ಹೋಗುವವರಿಗೆ ಕೆರೆಯ ಏರಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಕೆರೆಯ ವಾರ್ತೆಯು ಮೂಗಿಗೆ ಮುಟ್ಟುವುದು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಹೆಸರು ಪಡೆದ ವೃಷಭಾವತಿಯು ರಾಜಧಾನಿಯ ಕೊಳೆಯನ್ನು ಹೊತ್ತುಕೊಂಡು ಬಂದು, ಇಲ್ಲಿ ಕೊಂಚ ಹೊತ್ತು ನಿಂತು, ನೊರೆಯಾಗಿ ಕೋಡಿಬಿದ್ದು, ಮುಂದೆ ಕನಕಪುರದ ಕಡೆಗೆ ಹರಿದು ಅರ್ಕಾವತಿಯನ್ನು ಸೇರುತ್ತಾಳೆ. 1940ರ ದಶಕದಲ್ಲಿ ಈ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿದವರು ವ್ಯವಸಾಯವನ್ನು ಉದ್ದೇಶಿಸಿ ಕಟ್ಟಿದರು. ವ್ಯವಸಾಯವು ಇಂದಿಗೂ ನಡೆದಿದೆ. ಆದರೆ ನೀರಿನ ಗುಣವರಿತ ರೈತರು ಈಗ ಅಚ್ಚುಕಟ್ಟಿನಲ್ಲಿ ಹೆಚ್ಚಾಗಿ ಸೀಮೆಹುಲ್ಲನ್ನೂ, ಪೇಟೆಯವರು ಬೇಬಿಕಾರ್ನ್ ಎಂದು ಕರೆಯುವ ಎಳೆಯ ಮುಸುಕಿನ ಜೋಳವನ್ನೂ, ತೆಂಗನ್ನೂ ಬೆಳೆಯುತ್ತಾರೆ.

ಆ ಊರಿನ ಒಂದು ಒಕ್ಕಲಿನ ಮನೆಯಲ್ಲಿ ಇಬ್ಬರು ಸೋದರರು. ಹಿರಿಯನು 1985ರಲ್ಲಿ ಹುಟ್ಟಿದವನು, ಕಿರಿಯನು ಅವನಿಗಿಂತ ಮೂರು ವರ್ಷ ಚಿಕ್ಕವನು. ಹಿರಿಯನು ಹುಟ್ಟಿದ ಮನೆಯನ್ನು ಬಿಟ್ಟು ಒಂದು ಗಾವುದ ದೂರವೂ ವಾಸಕ್ಕೆ ಹೋದವನಲ್ಲ. ಆದರೂ ಅವನು ನಾಲ್ಕು ಜಿಲ್ಲೆಗಳ ನಿವಾಸಿಯೆನಿಸಿದ್ದಾನೆ: ಹುಟ್ಟಿದ್ದು ಬೆಂಗಳೂರು ಜಿಲ್ಲೆ, 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಕುಳಿತಲ್ಲಿಯೇ ದೇಶಾಂತರ ಹೋಗುವುದೆಂದರೆ ಇದೇ ಇರಬೇಕು. ಕಿರಿಯನು ಓದಿ ಪುಣೆಯಲ್ಲಿ ಕೆಲಸ ಹಿಡಿದನು. ತಂದೆಯು 2023ರಲ್ಲಿ ತೀರಿಕೊಂಡನು.

2025ರ ಮಾರ್ಚಿಯಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಒಂಬತ್ತು ಗ್ರಾಮಗಳಲ್ಲಿ ಏಳು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಉಪನಗರಕ್ಕಾಗಿ ತೆಗೆದುಕೊಳ್ಳುವ ಪ್ರಾಥಮಿಕ ಅಧಿಸೂಚನೆಯು ಹೊರಟಿತು. ಈ ಮಾತು ಮೊದಲು ಹುಟ್ಟಿದ್ದು 2006ರಲ್ಲಿ. ಯೋಜನೆಗಳಿಗೂ ಆಟಗಳಂತೆಯೇ ಉತ್ತರಭಾಗಗಳುಂಟು. ಕೊಡುವೆನೆಂಬುವರು ಕೆಲವರು, ಕೊಡೆನೆಂಬುವರು ಕೆಲವರು, ಹೀಗೆ ಊರು ಎರಡಾಯಿತು, ಮನೆಗಳೂ ಎರಡಾದುವು. ಹುಲ್ಲನ್ನೂ ಹಾಲನ್ನೂ ನಂಬಿದ ಹಿರಿಯನು ಕೊಡೆನೆಂದನು. ಪರಿಹಾರದ ಹಣವನ್ನು ಲೆಕ್ಕ ಹಾಕಿದ ಕಿರಿಯನು ಕೊಡುವುದೇ ಲೇಸೆಂದನು. ಯುಗಾದಿಯ ಮಾರನೆಯ ದಿನ ದೂರವಾಣಿಯಲ್ಲಿ ಇಬ್ಬರಿಗೂ ಮಾತು ಬೆಳೆಯಿತು. "ನಡುದಾರೀಲಿ ಬಿಟ್ಟು ಹೋದೋನಿಗೆ ಮಣ್ಣಿನ ಮಾತ್ಯಾಕೆ?" ಎಂದು ಅಣ್ಣನು ಕೇಳಿದನು. ತಮ್ಮನು ಉತ್ತರ ಹೇಳದೆ ದೂರವಾಣಿಯನ್ನು ಕೆಳಗಿಟ್ಟನು. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ.

ಆಷಾಢದಲ್ಲಿ ಹಿರಿಯನು ತಂದೆಯ ಕಾಲದ ಜಮೀನಿನ ಕಾಗದಗಳನ್ನು ಹುಡುಕುತ್ತ ಅಟ್ಟವನ್ನು ಹತ್ತಿದನು. ಕಾಗದಗಳು ಸಿಕ್ಕಿದುವು. ಅವುಗಳ ಪಕ್ಕದಲ್ಲಿ ಗೋಣಿಚೀಲದ ಕೆಳಗೆ ಹಳೆಯ ಕಂಪ್ಯೂಟರಿನ ಪೆಟ್ಟಿಗೆಯೂ, ಟೆಲಿವಿಷನ್ನಿನಂತೆ ಬೆನ್ನು ಉಬ್ಬಿದ ಅದರ ಮಾನಿಟರೂ ಇದ್ದುವು. ಕಾಗದಗಳನ್ನು ಕೆಳಗಿಳಿಸಿದವನು, ಏಕೋ ಏನೋ, ಅವನ್ನೂ ಇಳಿಸಿದನು.

ಈ ಯಂತ್ರವು ಮನೆಗೆ ಬಂದದ್ದು 2002ರಲ್ಲಿ. ರೇಷ್ಮೆಗೂಡಿಗೆ ಆ ಸಲ ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ಧಾರಣೆ ಸಿಕ್ಕಿದ್ದುದರಿಂದ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದೆಯು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಿಡಿಭಾಗಗಳನ್ನು ಜೋಡಿಸಿ ಮಾರುವವರ ಹತ್ತಿರ ಅದನ್ನು ಕೊಂಡು ತಂದನು. ಅಂಗಡಿಯವನು ಕೊಸರು ಕೊಡುವಂತೆ ಒಂದು ಸಿ.ಡಿ.ಯನ್ನೂ ಕೊಟ್ಟಿದ್ದನು. ಅದರಲ್ಲಿ 'ಪ್ರಾಜೆಕ್ಟ್ ಐ.ಜಿ.ಐ.' ಎಂಬ ಆಟವಿದ್ದಿತು. ನಾರ್ವೆ ದೇಶದ ಇನ್ನರ್‌ಲೂಪ್ ಎಂಬ ಸಂಸ್ಥೆಯವರು 2000ದ ಕೊನೆಯಲ್ಲಿ ಹೊರಡಿಸಿದ ಈ ಆಟವು ತನ್ನ ದೇಶದಲ್ಲಿ ಎಷ್ಟು ಹೆಸರಾಯಿತೋ, ಭಾರತದಲ್ಲಂತೂ ಆ ಕಾಲದ ಹುಡುಗರಿಗೆಲ್ಲ ಅಕ್ಷರಾಭ್ಯಾಸದಂತಾಯಿತು. ಸಾಧಾರಣವಾದ ಯಂತ್ರದಲ್ಲಿಯೂ ಅದು ಓಡುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಹಿಮದ ಬೆಟ್ಟಗಳು, ಮುಳ್ಳುತಂತಿಯ ಬೇಲಿಗಳು, ಕಾವಲುಗೋಪುರಗಳು. ಒಬ್ಬನೇ ಗೂಢಚಾರ, ಅವನಿಗೆ ಹದಿನಾಲ್ಕು ಕಾರ್ಯಗಳು. ಒಂದು ಕಾರ್ಯದ ನಡುವೆ ಎಲ್ಲಿಯೂ ನಿಲ್ಲಿಸಿ ಕಾದಿರಿಸುವ ಅನುಕೂಲವಿಲ್ಲ. ಒಂದು ಗಂಟೆಯ ಕಾಲ ತೆವಳಿ ಹೋದವನು ಕೊನೆಯ ಬಾಗಿಲಿನಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಹೊರಡಬೇಕು. ಅಮರಕೋಶವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಯು ಒಂದು ಪದ ತಪ್ಪಿದರೆ ವರ್ಗದ ಆರಂಭಕ್ಕೆ ಹಿಂದಿರುಗುವಂತೆ ಈ ಸೋದರರು ಹಿಂದಿರುಗಿದರು. ಒಬ್ಬನು ಆಡುವನು, ಇನ್ನೊಬ್ಬನು ಹಿಂದೆ ಮಣೆಯ ಮೇಲೆ ಕುಳಿತು ನೋಡುವನು. ಮನೆಯವರು ಕೇಳಿದರೆ ಇಬ್ಬರೂ "ಓದ್ತಾ ಇದೀವಿ" ಎನ್ನುವರು.

ಇಲ್ಲಿ ಈ ಜಾತಿಯ ಆಟದ ಲಕ್ಷಣವನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. ಇದಕ್ಕೆ ಇಂಗ್ಲಿಷಿನಲ್ಲಿ 'ಫಸ್ಟ್ ಪರ್ಸನ್ ಶೂಟರ್' ಎಂದು ಹೆಸರು. ಇದನ್ನು ಶಬ್ದಕ್ಕೆ ಶಬ್ದವಿಟ್ಟು 'ಪ್ರಥಮಪುರುಷ' ಎಂದರೆ ಅನರ್ಥವಾದೀತು. ಏಕೆಂದರೆ ನಮ್ಮ ವ್ಯಾಕರಣದಲ್ಲಿ ಪ್ರಥಮಪುರುಷನೆಂದರೆ 'ಅವನು'. 'ನಾನು' ಎನ್ನುವವನು ಉತ್ತಮಪುರುಷ. ಆದುದರಿಂದ ಇದು ಉತ್ತಮಪುರುಷದ ಆಟ. ಆಡುವವನ ಕಣ್ಣೇ ಚಿತ್ರದ ಕಣ್ಣು. ಎದುರಿಗೆ ದಾರಿ, ಗೋಡೆ, ಶತ್ರು, ಮಿತ್ರ, ಎಲ್ಲವೂ ಕಾಣುತ್ತವೆ. ತನ್ನದು ಮಾತ್ರ ಒಂದು ಕೈ, ಕೈಯಲ್ಲೊಂದು ಬಂದೂಕು. ತನ್ನ ಮುಖವಿಲ್ಲ, ಬೆನ್ನಿಲ್ಲ. ಲೋಕದಲ್ಲಿ ನಾವು ಇರುವುದೂ ಹಾಗೆಯೇ ಅಲ್ಲವೆ?

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಗುಂಪಿನವರು 1992ರಲ್ಲಿ 'ವುಲ್ಫನ್‌ಸ್ಟೈನ್ 3ಡಿ'ಯನ್ನೂ, 1993ರ ಡಿಸೆಂಬರ್ 10ರಂದು 'ಡೂಮ್' ಎಂಬುದನ್ನೂ ಹೊರಡಿಸಿದ ಮೇಲೆ ಈ ಬಗೆಯು ಲೋಕವನ್ನೆಲ್ಲ ಹಿಡಿಯಿತು. ಡೂಮ್‌ನ ಮೊದಲನೆಯ ಕಾಂಡವನ್ನು ಅವರು ಬಿಟ್ಟಿಯಾಗಿ ಹಂಚಿದರು. ಮುಂದಿನದು ಬೇಕಾದವನು ಹಣ ಕಳುಹಿಸಬೇಕು. ಹರಿಕಥೆಯವರು ಸೀತಾಪಹರಣಕ್ಕೆ ನಿಲ್ಲಿಸಿ ಮಂಗಳಾರತಿಯ ತಟ್ಟೆಯನ್ನು ಕಳುಹಿಸುವ ಉಪಾಯವೇ ಇದು. 1996ರಲ್ಲಿ 'ಕ್ವೇಕ್' ಬಂದಿತು. 1998ರಲ್ಲಿ ವಾಲ್ವ್ ಸಂಸ್ಥೆಯ 'ಹಾಫ್-ಲೈಫ್' ಬಂದಿತು. ಆ ಹಾಫ್-ಲೈಫಿನ ತಳಹದಿಯ ಮೇಲೆ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ತಮ್ಮ ಸಂತೋಷಕ್ಕಾಗಿ 'ಕೌಂಟರ್-ಸ್ಟ್ರೈಕ್' ಎಂಬುದನ್ನು ಕಟ್ಟಿದರು. ಮರು ವರ್ಷವೇ ವಾಲ್ವ್ ಅದನ್ನು ತನ್ನದಾಗಿಸಿಕೊಂಡು ಅಂಗಡಿಗೆ ಬಿಟ್ಟಿತು. ಇದು ಒಬ್ಬನು ಯಂತ್ರದೊಡನೆ ಆಡುವ ಆಟವಲ್ಲ. ಮನುಷ್ಯರು ಎರಡು ಪಕ್ಷವಾಗಿ ಆಡತಕ್ಕದ್ದು. ಒಂದು ಪಕ್ಷದವರು ಬಾಂಬಿಡಬೇಕು, ಇನ್ನೊಂದು ಪಕ್ಷದವರು ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೂ ಎದ್ದುಬರುವಂತಿಲ್ಲ. ಸುಮ್ಮನೆ ಕುಳಿತು ಬದುಕಿರುವವರ ಆಟವನ್ನು ನೋಡಬೇಕು.

ಕೊಲ್ಲುವ ಆಟವನ್ನು ನೆನೆದು ಹಂಬಲಿಸುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಆಕ್ಷೇಪಣೆಯು ಸಲ್ಲತಕ್ಕದ್ದೇ. ಆದರೆ ಮರ್ಯಾದಸ್ಥರ ಮನೆಗಳಲ್ಲಿ ಆಡುವ ಚದುರಂಗವು ಹೆಸರಿನಲ್ಲಿಯೇ ನಾಲ್ಕು ಅಂಗಗಳ ಸೈನ್ಯವನ್ನು ಹೊತ್ತಿದೆ. ಬೈರಮಂಗಲದಿಂದ ಬಹು ದೂರವಲ್ಲದ ರಾಮದೇವರ ಬೆಟ್ಟದಲ್ಲಿ 'ಶೋಲೆ' ಚಿತ್ರವನ್ನು ತೆಗೆದು, 1975ರಲ್ಲಿ ಅದು ತೆರೆಗೆ ಬಂದಮೇಲೆ, ಈ ಸೀಮೆಯಲ್ಲಿ ಕಡ್ಡಿಯನ್ನು ಬಂದೂಕು ಮಾಡಿ ಬಂಡೆಯ ಮರೆಯಲ್ಲಿ ಅವಿತುಕೊಳ್ಳದ ಹುಡುಗನು ಯಾರು? ಕಿರುಬೆರಳಿನಷ್ಟು ನಿಜವಾದ ರಕ್ತವೂ ಬೀಳದ ಈ ಆಟಕ್ಕಿಂತ, ಹೊಲದ ಬದುವಿಗಾಗಿ ನಡೆಯುವ ಜಗಳಗಳು ಹೆಚ್ಚು ಭಯಂಕರವೆಂಬುದನ್ನು ತಾಲ್ಲೂಕು ಕಚೇರಿಯ ಮುಂದೆ ಒಂದು ದಿನ ನಿಂತವರೂ ಬಲ್ಲರು.

ಕೌಂಟರ್-ಸ್ಟ್ರೈಕನ್ನು ಆಡುವುದಕ್ಕೆ ಮನೆಯ ಒಂದು ಯಂತ್ರವು ಸಾಲದು. ಬಿಡದಿಯಲ್ಲಿ ಮೈಸೂರು ರಸ್ತೆಯ ಪಕ್ಕದಲ್ಲಿ ಆರು ಕಂಪ್ಯೂಟರುಗಳ ಒಂದು ಸೈಬರ್ ಅಂಗಡಿಯಿದ್ದಿತು. 1999ರ ಕೊನೆಯಲ್ಲಿ ಟೊಯೋಟಾ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದಂದಿನಿಂದ ಬಿಡದಿಯು ತಟ್ಟೆ ಇಡ್ಲಿಯ ಊರಾಗಿದ್ದುದು ಕಾರುಗಳ ಊರೂ ಆಗುತ್ತಿದ್ದ ಕಾಲವದು. ಗಂಟೆಗೆ ಹದಿನೈದು ರೂಪಾಯಿ. ಅಣ್ಣನು ಸೈಕಲ್ಲು ತುಳಿಯುವನು, ತಮ್ಮನು ಕ್ಯಾರಿಯರಿನ ಮೇಲೆ ಕೂರುವನು. 2004ರಲ್ಲಿ ಕರ್ನಾಟಕ ಸರಕಾರವು ಇಂತಹ ಅಂಗಡಿಗಳಿಗೆ ನಿಯಮಗಳನ್ನು ಮಾಡಿ, ಬಂದವರ ಗುರುತನ್ನು ನೋಡಿ ಪುಸ್ತಕದಲ್ಲಿ ಬರೆಯಿಸಬೇಕೆಂದು ವಿಧಿಸಿತು. ತಮ್ಮನ ಹತ್ತಿರ ಗುರುತಿನ ಚೀಟಿ ಇರಲಿಲ್ಲ. ಅಣ್ಣನು ತನ್ನ ಕಾಲೇಜಿನ ಚೀಟಿಯನ್ನು ತೋರಿಸಿ ಇಬ್ಬರ ಪರವಾಗಿಯೂ ಒಂದೇ ರುಜು ಹಾಕುವನು. ಆಟದೊಳಗೆ ಹೆಸರನ್ನು ಕೊಡಬೇಕಷ್ಟೆ. ಅಣ್ಣನು ಊರ ಹೆಸರಿನ ಮೊದಲೆರಡು ಅಕ್ಷರವನ್ನು ತೆಗೆದುಕೊಂಡು 'ಬೈರ' ಎಂದಾದನು. ತಮ್ಮನು 'ಬೈರ 2' ಎಂದು ಬರೆಸಿಕೊಂಡನು.

ಅವರು ಹೆಚ್ಚಾಗಿ ಆಡುತ್ತಿದ್ದ ರಂಗಸ್ಥಳದ ಹೆಸರು 'ಡಸ್ಟ್ 2'. ಡೇವ್ ಜಾನ್‌ಸ್ಟನ್ ಎಂಬ ಇಂಗ್ಲೆಂಡಿನ ತರುಣನು 'ಡಸ್ಟ್' ಎಂಬುದನ್ನು ಮಾಡಿ, ಅದು ಜನಪ್ರಿಯವಾಗಲು, 2001ರಲ್ಲಿ ಇದನ್ನು ಮಾಡಿದನು. ಮರುಭೂಮಿಯ ಒಂದು ಊರು. ಹಳದಿ ಬಣ್ಣದ ಗೋಡೆಗಳು, ಕಮಾನುಗಳು, ಮರದ ಪೆಟ್ಟಿಗೆಗಳು, ಒಂದು ಕತ್ತಲೆಯ ಸುರಂಗ, ನಡುವೆ ಒಂದಿಷ್ಟೇ ಸಂದಿರುವ ಜೋಡಿ ಬಾಗಿಲು. ಆ ಬಾಗಿಲಿನ ಸಂದಿಯಿಂದ ಎದುರಿನವರು ಹೊಡೆಯುವರೆಂದು ತಿಳಿದಿದ್ದೂ ದಿನವೂ ಯಾರಾದರೊಬ್ಬರು ಅಲ್ಲಿ ಸಾಯುವರು. ಸುರಂಗದ ಬಾಯಲ್ಲಿ ಹಿರಿಯನು ತಡೆದು ನಿಂತರೆ, ಪಕ್ಕದ ಕುರ್ಚಿಯಿಂದ ಕಿರಿಯನು, "ನೀ ನಡಿ ಅಣ್ಣ, ಹಿಂದ್ಗಡೆ ನಾನಿವ್ನಿ" ಎನ್ನುವನು. ಹಿರಿಯನು ನಡೆಯುವನು.

ಈಗ ನಲವತ್ತಾದ ಹಿರಿಯನು ಕಣ್ಣು ಮುಚ್ಚಿಕೊಂಡು ಡಸ್ಟ್ 2ರ ಮೂಲೆಮೂಲೆಗಳನ್ನು ಹೇಳಬಲ್ಲನು. ತಾನು ಹುಡುಗನಾಗಿ ಎಮ್ಮೆ ಮೈತೊಳೆಯುತ್ತಿದ್ದ ಕೆರೆಯಂಚಿನ ದಾರಿಯನ್ನು ಹೇಳಬೇಕಾದರೆ ಅವನು ಯೋಚಿಸಬೇಕಾಗುತ್ತದೆ. ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಶ್ರೀರಾಮನು ಹನ್ನೆರಡು ವರ್ಷಗಳ ಮೇಲೆ ದಂಡಕಾರಣ್ಯಕ್ಕೆ ಬಂದಾಗ, ನದಿಗಳು ಹರಿಯುತ್ತಿದ್ದಲ್ಲಿ ಮರಳದಿಣ್ಣೆಗಳು ಎದ್ದಿರುತ್ತವೆ. ಕದಲದ ಬೆಟ್ಟಗಳಿಂದ ಮಾತ್ರ ಅವನಿಗೆ ಜಾಗದ ಗುರುತು ಸಿಕ್ಕುತ್ತದೆ. ಅಲ್ಲಿ ನೀರು ಹೋಗಿ ಮರಳು ಬಂದಿತ್ತು. ಬೈರಮಂಗಲದಲ್ಲಿ ನೀರು ಹೋಗಿ ನೀರೇ ಬಂದಿದೆ. ಆದುದರಿಂದ ಆ ಮನುಷ್ಯನಿಗೆ, ಇಂಗ್ಲೆಂಡಿನವನೊಬ್ಬನು ಕಲ್ಪಿಸಿದ, ಎಲ್ಲಿಯೂ ಇಲ್ಲದ ಮರುಭೂಮಿಯ ಊರೊಂದು ಹುಟ್ಟಿದೂರಿಗಿಂತ ಕದಲದೆ ನಿಂತಿರುವುದು ಸೋಜಿಗವಲ್ಲ.

ಹಾಗೆಂದು ಆ ಊರನ್ನೂ ಅದರ ಒಡೆಯರು ಸುಮ್ಮನೆ ಬಿಟ್ಟಿಲ್ಲ. ಪೂರ್ವಭಾಗವು ಜನಕ್ಕೆ ಹಿಡಿಸಿದ ಮೇಲೆ ಉತ್ತರಭಾಗವನ್ನು ಬರೆಯದೆ ಇರುವುದು ಕಷ್ಟ. ಭವಭೂತಿಯೇ ಮಹಾವೀರಚರಿತವನ್ನು ಬರೆದು, ಅದರ ಮುಂದಿನ ಕಥೆಯನ್ನು ಉತ್ತರರಾಮಚರಿತವೆಂದು ಬರೆದನು. ಇದು ಅಪೂರ್ವವಾಗಿ ಉತ್ತರವೇ ಪೂರ್ವವನ್ನು ಮೀರಿದ ನಿದರ್ಶನ. ಬಾಣನು ಅರ್ಧಕ್ಕೆ ಬಿಟ್ಟ ಕಾದಂಬರಿಯನ್ನು ಅವನ ಮಗನು ಮುಗಿಸಿದನು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಪ್ರೇರಣೆಯಿಂದ ತಿಮ್ಮಣ್ಣಕವಿಯು ಪೂರೈಸಿದನು. ಪೂರೈಸಿದ್ದಕ್ಕೆ ಲೋಕವು ಕೃತಜ್ಞವಾಗಿದೆ, ಆದರೆ ಗಮಕಿಗಳು ಊರೂರಿನಲ್ಲಿ ಓದುವುದು ಮೊದಲ ಹತ್ತನ್ನೇ. ಕೌಂಟರ್-ಸ್ಟ್ರೈಕಿಗೆ 2004ರಲ್ಲಿ ಎರಡು ಉತ್ತರಭಾಗಗಳು ಬಂದುವು, 2012ರಲ್ಲಿ ಮತ್ತೊಂದು, 2023ರ ಸೆಪ್ಟೆಂಬರಿನಲ್ಲಿ 'ಕೌಂಟರ್-ಸ್ಟ್ರೈಕ್ 2' ಬಂದು, 2012ರದನ್ನು ಎಬ್ಬಿಸಿ ಅದರ ಮಣೆಯ ಮೇಲೆಯೇ ಕುಳಿತಿತು. ಪ್ರತಿಯೊಂದರಲ್ಲಿಯೂ ಡಸ್ಟ್ 2 ಉಂಟು. ಪ್ರತಿ ಸಲವೂ ಗೋಡೆಯ ಗಾರೆ ಹೆಚ್ಚು ನುಣುಪು, ಬಿಸಿಲು ಹೆಚ್ಚು ಬಿಸಿಲು. ಐ.ಜಿ.ಐ.ಗೂ 2003ರಲ್ಲಿ ಎರಡನೆಯದು ಬಂದಿತು. ಅದರಲ್ಲಿ ಕೆಲವು ಸಲ ಮಾತ್ರ ಕಾದಿರಿಸುವ ಅನುಕೂಲವನ್ನು ಕೊಟ್ಟರು. ಸೋದರರು ಅದನ್ನೂ ಆಡಿದರು, ಮುಗಿಸಿದರು, ಮರೆತರು. ಮೊದಲನೆಯದರ ರೈಲುನಿಲ್ದಾಣವನ್ನು ಮಾತ್ರ ಮರೆಯಲಿಲ್ಲ.

ಇದರಲ್ಲಿ ಹೊಸದನ್ನು ಹಳಿಯುವುದಕ್ಕೆ ಕಾರಣವಿಲ್ಲ. ಡೂಮ್‌ನ ಕರ್ತೃಗಳಲ್ಲೊಬ್ಬನಾದ ಜಾನ್ ರೊಮೆರೋ 2019ರಲ್ಲಿ ಆ ಹಳೆಯ ಆಟಕ್ಕೇ 'ಸಿಜಿಲ್' ಎಂಬ ಇನ್ನೊಂದು ಕಾಂಡವನ್ನು, ಹಳೆಯ ಇಟ್ಟಿಗೆ ಹಳೆಯ ಗಾರೆಯಿಂದಲೇ ಕಟ್ಟಿದನು. 2023ರಲ್ಲಿ ಡೂಮ್‌ಗೆ ಮೂವತ್ತು ತುಂಬಿದ ದಿನ ಅದರ ಎರಡನೆಯದನ್ನೂ ಹೊರಡಿಸಿದನು. ಆಟದ ಒಳಗಿನ ಬರಹವನ್ನು ಆ ಸಂಸ್ಥೆಯು 1997ರಲ್ಲಿಯೇ ಲೋಕಕ್ಕೆ ಬಿಟ್ಟುಕೊಟ್ಟಿದ್ದುದರಿಂದ, ಇಂದಿಗೂ ಎಷ್ಟೋ ಮಂದಿ ಅದಕ್ಕೆ ಹೊಸ ಹೊಸ ಮನೆಗಳನ್ನು ಕಟ್ಟುತ್ತಿರುವರು. ಹಿರಿಯನ ಮಗನ ಅವಸ್ಥೆಯು ಬೇರೆ. ಹದಿನೈದು ವರ್ಷದ ಆ ಹುಡುಗನು ಐದು ವರ್ಷಗಳ ಹಿಂದೆ, ಶಾಲೆ ಮುಚ್ಚಿದ್ದ ಕಾಲದಲ್ಲಿ, ಅಪ್ಪನ ಫೋನಿನಲ್ಲಿ ಪಬ್‌ಜಿ ಆಡುತ್ತಿದ್ದನು. 2020ರ ಸೆಪ್ಟೆಂಬರ್ 2ರಂದು ಭಾರತ ಸರಕಾರವು ಅದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧವು ರಾಜಕಾರ್ಯ, ಅದರ ವಿಚಾರ ಇಲ್ಲಿ ಬೇಡ. ಮರು ವರ್ಷ ಆಟವು ಬೇರೆ ಹೆಸರಿನಿಂದ ಬಂದಿತು, 2022ರಲ್ಲಿ ಮರೆಯಾಯಿತು, 2023ರಲ್ಲಿ ಮತ್ತೆ ಬಂದಿತು. ಎಲ್ಲಿಯೋ ದೂರದ ಯಂತ್ರದಲ್ಲಿರುವ ಆಟವನ್ನು ಯಾರೂ ಅಟ್ಟದ ಮೇಲೆ ಇಡಲಾರರು. ಇನ್ನು ಇಪ್ಪತ್ತು ವರ್ಷದ ಮೇಲೆ ಆ ಹುಡುಗನು ಹಂಬಲಿಸಿ ಅಟ್ಟವನ್ನು ಹತ್ತಿದರೆ ಅವನಿಗೆ ಗೋಣಿಚೀಲವೊಂದೇ ಸಿಕ್ಕೀತು.

ಅಪ್ಪನ ಪೆಟ್ಟಿಗೆಯನ್ನು ರಾಮನಗರದ ಒಬ್ಬ ರಿಪೇರಿಯವನ ಹತ್ತಿರ ಒಯ್ದವನು ಈ ಹುಡುಗನೇ. ರಿಪೇರಿಯವನು ಧೂಳನ್ನು ಊದಿ, ಕರೆಂಟು ಕೊಡುವ ಭಾಗವನ್ನು ಬದಲಾಯಿಸಿ, ರೂಪಾಯಿಯ ಅಗಲದ ಬ್ಯಾಟರಿಯೊಂದನ್ನು ಹಾಕಿದನು. ಆ ಬ್ಯಾಟರಿಯು ಸತ್ತಿದ್ದುದರಿಂದ ಯಂತ್ರಕ್ಕೆ ಕಾಲವು ಮರೆತುಹೋಗಿದ್ದಿತು. ಹಚ್ಚಿದೊಡನೆ ಅದು ತೋರಿಸಿದ್ದು 2002ನೆಯ ಇಸವಿಯ ಜನವರಿ ಒಂದನೆಯ ತಾರೀಖನ್ನು. ಹುಡುಗನು ನಕ್ಕು ತಾರೀಖನ್ನು ತಿದ್ದಹೋದನು. "ಇರ್ಲಿ ಬಿಡ್ಲಾ" ಎಂದನು ತಂದೆ.

ಹಾಫ್-ಲೈಫಿನ ಕಡತಗಳ ನಡುವೆ ಹುಡುಗನಿಗೆ ಒಂದು ದಾಖಲೆ ಸಿಕ್ಕಿತು. ಕೌಂಟರ್-ಸ್ಟ್ರೈಕಿನಲ್ಲಿ ಒಂದು ಅಪ್ಪಣೆಯನ್ನು ಬರೆದರೆ ಆಡುತ್ತಿರುವ ಆಟವು ದಾಖಲೆಯಾಗುವುದು. ಇನ್ನೊಂದು ಅಪ್ಪಣೆಯಿಂದ ಅದನ್ನು ಮತ್ತೆ ನೋಡಬಹುದು. ಅದು ಚಲಚ್ಚಿತ್ರದಂತೆ ಹೊರಗಿನಿಂದ ತೆಗೆದದ್ದಲ್ಲ. ದಾಖಲೆ ಮಾಡಿಕೊಂಡವನು ಅಂದು ಏನನ್ನು ಕಂಡನೋ ಅದನ್ನೇ, ಅವನ ಕಣ್ಣಿನಿಂದಲೇ ತೋರಿಸುವುದು. ಈ ದಾಖಲೆಯು 2005ರ ಜೂನ್ ತಿಂಗಳ ಒಂದು ಶನಿವಾರದ್ದು. ಮಾಡಿಕೊಂಡವನು ತಮ್ಮ. ಬಿಡದಿಯ ಅಂಗಡಿಯಿಂದ ಸಿ.ಡಿ.ಗೆ ಇಳಿಸಿಕೊಂಡು ಬಂದು ಮನೆಯ ಯಂತ್ರದಲ್ಲಿ ಹಾಕಿಟ್ಟಿದ್ದನು. ಅಣ್ಣನಿಗೆ ಇದು ತಿಳಿದೇ ಇರಲಿಲ್ಲ.

ಆ ದಿನವು ಅಣ್ಣನ ನೆನಪಿನಲ್ಲಿ ಬೇರೆ ರೀತಿಯಾಗಿ ಇದ್ದಿತು. ಮೂವರು ಮೂವರಾಗಿ ಆಡಿದ್ದರು. ಕೊನೆಯ ಸುತ್ತಿನಲ್ಲಿ ಅಣ್ಣನು ಬಾಂಬನ್ನು ಹೊತ್ತು ಸುರಂಗವನ್ನು ದಾಟಿದನು, ಎದುರಿನವನು ಪೆಟ್ಟಿಗೆಯ ಮರೆಯಲ್ಲಿದ್ದನು, ಹಿಂದೆ ತಮ್ಮನು ಇರಬೇಕಾಗಿದ್ದಿತು, ಇರಲಿಲ್ಲ, ಅಣ್ಣನು ಸತ್ತನು, ಆಟವು ಸೋತಿತು. ಸೈಕಲ್ಲಿನಲ್ಲಿ ಮನೆಗೆ ಬರುವವರೆಗೂ ಅವನು ತಮ್ಮನನ್ನು ಬೈದಿದ್ದನು. ತಮ್ಮನು ಹಿಂದೆ ಕುಳಿತು ಒಂದು ಮಾತನ್ನೂ ಆಡಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ದೂರವಾಣಿಯಲ್ಲಿ 'ನಡುದಾರೀಲಿ ಬಿಟ್ಟು ಹೋದೋನು' ಎಂಬ ಮಾತು ನಾಲಗೆಗೆ ಬಂದಾಗ ಅದರ ಬೇರು ಎಲ್ಲಿಯದೆಂದು ಯಾರು ಬಲ್ಲರು?

ದಾಖಲೆಯು ಓಡಿತು. ಅಂಗಡಿಯ ಗದ್ದಲವಾಗಲಿ ಹುಡುಗರ ಕೂಗಾಗಲಿ ಅದರಲ್ಲಿ ಇಲ್ಲ. ಆಟದ ಗುಂಡುಗಳು, ಹೆಜ್ಜೆಯ ಸಪ್ಪಳ, ಅಷ್ಟೆ. ಹಳದಿಯ ಗೋಡೆಗಳ ನಡುವೆ ಒಬ್ಬನು ಮುಂದೆ ಓಡುತ್ತಿರುವನು. ಅವನ ಬೆನ್ನಿನ ಮೇಲೆ ಗುರಿ ಹಾದಾಗ 'ಬೈರ' ಎಂಬ ಹೆಸರು ಮೂಡುವುದು. ಹಿರಿಯನು ತನ್ನ ಬೆನ್ನನ್ನು ಕಂಡದ್ದು ಅದೇ ಮೊದಲು. ನಾಲ್ಕು ಹೆಜ್ಜೆಗೊಮ್ಮೆ ದೃಷ್ಟಿಯು ಗಿರ್ರೆಂದು ಹಿಂದಕ್ಕೆ ತಿರುಗುವುದು. ಬಂದ ದಾರಿ ಬರಿದಾಗಿರುವುದು. ಮತ್ತೆ ಮುಂದಕ್ಕೆ ತಿರುಗಿ, ಅಷ್ಟರಲ್ಲಿ ದೂರವಾದ ಅಣ್ಣನನ್ನು ಓಡಿ ಕೂಡಿಕೊಳ್ಳುವುದು. ಸುತ್ತು ಸುತ್ತಿನಲ್ಲಿಯೂ ಹೀಗೆಯೇ. ಹುಡುಗನಿಗೆ ಬೇಸರವಾಯಿತು. "ಚಿಕ್ಕಪ್ಪ ಯಾಕಪ್ಪಾ ಬರೀ ಹಿಂದೆ ನೋಡ್ತದೆ? ಇದ್ರಲ್ಲಿ ಎಲ್ಲಾ ಡಬ್ಬ ಡಬ್ಬ ಕಾಣ್ತದೆ" ಎಂದು ಎದ್ದುಹೋದನು.

ಕೊನೆಯ ಸುತ್ತು ಬಂದಿತು. ಸುರಂಗದ ಕತ್ತಲೆ. ಬೈರನು ಬೆಳಕಿನ ಕಡೆಗೆ ನುಗ್ಗಿದನು. ದೃಷ್ಟಿಯು ಹಿಂದಕ್ಕೆ ತಿರುಗಿತು; ಈ ಸಲ ದಾರಿ ಬರಿದಾಗಿರಲಿಲ್ಲ. ಮೆಟ್ಟಿಲಿನ ಮೇಲೆ ಎದುರು ಪಕ್ಷದವನೊಬ್ಬನು ಏರಿ ಬರುತ್ತಿದ್ದನು. ಅವನ ಗುಂಡಿನಿಂದ ತಮ್ಮನ ಪ್ರಾಣವು ನೂರರಿಂದ ಹನ್ನೊಂದಕ್ಕೆ ಇಳಿಯಿತು; ಆದರೂ ತಮ್ಮನು ಅವನನ್ನು ಕೆಡವಿದನು. ಮುಂದಕ್ಕೆ ತಿರುಗಿ ಓಡಿದನು. ಸುರಂಗದ ಬಾಯಿಯ ಹೊರಗೆ ಅಣ್ಣನು ಬಿದ್ದಿದ್ದನು. ಪಕ್ಕದಲ್ಲಿ ಬಾಂಬು ಬಿದ್ದಿತ್ತು. ಎತ್ತಿಕೊಂಡು ಇಡಬಹುದಾಗಿದ್ದಿತು, ಕಾಲವೂ ಉಳಿದಿದ್ದಿತು. ದೃಷ್ಟಿಯು ಬಾಂಬಿನ ಕಡೆ ಹೋಗಲಿಲ್ಲ. ಬಿದ್ದವನ ಮೇಲೆ ನೆಟ್ಟು ನಿಂತಿತು, ಎಣಿಸಿದರೆ ಐದಾರು ಕ್ಷಣ. ಆಮೇಲೆ ಒಂದು ಗುಂಡಿನ ಸದ್ದು.

ಹಿರಿಯನು ಅದನ್ನು ಆ ರಾತ್ರಿ ಮೂರು ಸಲ ನೋಡಿದನು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮರು ತಮ್ಮ ವನವಾಸದ ಚಿತ್ರಗಳನ್ನು ನೋಡುತ್ತಾರೆ. ನೋಡಿಸುವವನು ಲಕ್ಷ್ಮಣ, ಹದಿನಾಲ್ಕು ವರ್ಷವೂ ಅಣ್ಣನ ಹಿಂದೆ ನಡೆದವನು. ಹಿರಿಯನು ಆ ನಾಟಕವನ್ನು ಓದಿದವನಲ್ಲ. ಹಾಲು ಕರೆಯುವ ಹೊತ್ತಾದಾಗ ಯಂತ್ರವನ್ನು ಆರಿಸಿ ಕೊಟ್ಟಿಗೆಗೆ ಹೋದನು.

ಅವನು ತಮ್ಮನಿಗೆ ದೂರವಾಣಿ ಮಾಡಲಿಲ್ಲ. ಮಾಡಿ ಏನೆನ್ನುವುದು? ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂದಿತು. ಹಿರಿಯರ ಹಬ್ಬಕ್ಕೆ ಬಾರದಿರುವುದು ಆ ಮನೆಗಳಲ್ಲಿ ಆಗದ ಮಾತು, ತಮ್ಮನು ಬಂದನು. ತಂದೆಯ ಪಟದ ಮುಂದೆ ಎಡೆಯಿಟ್ಟರು, ಕೈಮುಗಿದರು, ಉಂಡರು. ಅತ್ತಿಗೆಯು ಕೇಳಿದ್ದಕ್ಕೆ ತಮ್ಮನು ಉತ್ತರ ಹೇಳಿದನು, ತಮ್ಮನು ಕೇಳಿದ್ದಕ್ಕೆ ಅತ್ತಿಗೆಯು ಉತ್ತರ ಹೇಳಿದಳು. ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಊಟವಾದಮೇಲೆ ತಮ್ಮನು ಪಡಸಾಲೆಯ ಮೂಲೆಯಲ್ಲಿ ಆ ಪೆಟ್ಟಿಗೆಯನ್ನು ಕಂಡನು.

"ಇದಿನ್ನೂ ಓಡ್ತದಾ ಅಣ್ಣ?"

"ಓಡ್ತದೆ. ಬ್ಯಾಟ್ರಿ ಹಾಕ್ಸಿವ್ನಿ."

ಇಬ್ಬರೂ ಕುಳಿತರು. ಅಣ್ಣನು ಸ್ವಲ್ಪ ಹೊತ್ತು ಬಿಟ್ಟು, "ಸೋತ ಆಟ್ವ ಯಾಕ್ಲಾ ಇಟ್ಕೊಂಡಿದ್ದೆ?" ಎಂದು ಕೇಳಿದನು.

ತಮ್ಮನಿಗೆ ಅರ್ಥವಾಗುವುದಕ್ಕೆ ತುಸು ಹೊತ್ತು ಹಿಡಿಯಿತು. "ಸೋಲ್ತೀವಿ ಅಂತ ಇಟ್ಕೊಂಡ್ನಾ ಅಣ್ಣ? ಸೋಮ್ವಾರದಿಂದ ನೀನು ಕಾರ್ಖಾನೆಗೆ ಹೋಗೋನಿದ್ದೆ. ಅದೇ ಕೊನೇದು ಅಂತ ಗೊತ್ತಿತ್ತು."

ಆ ರಾತ್ರಿ ಐ.ಜಿ.ಐ.ಯ ಮೊದಲನೆಯ ಕಾರ್ಯವನ್ನು ಆಡಿದರು. ಒಬ್ಬನು ಆಡಿದನು, ಒಬ್ಬನು ಮಣೆಯ ಮೇಲೆ ಕುಳಿತು ನೋಡಿದನು, ಸತ್ತಾಗ ಜಾಗ ಬದಲಾಯಿಸಿದರು. ಬೆರಳುಗಳು ದಡ್ಡಾಗಿದ್ದುವು, ರೈಲುನಿಲ್ದಾಣದ ಬೇಲಿಯ ಆಚೆ ಹನ್ನೆರಡು ಗಂಟೆಯವರೆಗೂ ಯಾರೂ ಹೋಗಲಿಲ್ಲ.

ಜಮೀನಿನ ಮಾತು ಮಾರನೆಯ ಬೆಳಗ್ಗೆ ಬಂದಿತು. ಕಾಗದಗಳನ್ನು ಹರಡಿಕೊಂಡು ಬಹಳ ಹೊತ್ತು ಆಡಿದರು. ಒಪ್ಪಿಗೆಯಾಗಲಿಲ್ಲ. ಕೊಡುವೆನೆಂಬುವನು ಕೊಡುವೆನೆಂದೇ ಇದ್ದನು, ಕೊಡೆನೆಂಬುವನು ಕೊಡೆನೆಂದೇ. ಆದರೆ ಯಾರೂ ನಡುವೆ ಎದ್ದುಹೋಗಲಿಲ್ಲ. ದೀಪಾವಳಿಗೆ ಮತ್ತೆ ಕುಳಿತು ನೋಡುವುದೆಂದು ಕಾಗದಗಳನ್ನು ಕಟ್ಟಿದರು.

ಮಧ್ಯಾಹ್ನ ತಮ್ಮನು ಹೊರಟನು. ಅಣ್ಣನು ಬೈಕನ್ನು ತೆಗೆದನು. ಕೆರೆಯ ಏರಿಯ ಮೇಲೆ ನೊರೆಯು ಗಾಳಿಗೆ ಎದ್ದು ರಸ್ತೆಗೆ ಹಾರುತ್ತಿದ್ದಿತು. ಕಣ್ಣಿಗೆ ಬಿದ್ದೀತೆಂದು ಅಣ್ಣನು ಬೈಕನ್ನು ನಿಧಾನ ಮಾಡಿದನು. "ನೀ ನಡಿ ಅಣ್ಣ" ಎಂದನು ಹಿಂದಿದ್ದವನು.